ತಿಕ್ಕಿದ ನಾಣ್ಯಕ್ಕೆ ಎಷ್ಟು ಬರುತ್ತದೆ?

ಪಕ್ಕದ ಮನೆಯ ಈರಣ್ಣ ಬೆಳಿಗ್ಗೆ ನಾಣ್ಯ ಸಂಗ್ರಹಿಸುವ ನನ್ನ ಬಳಿ ಹಳೆಯ ನಾಣ್ಯವೊಂದನ್ನು ಹಿಡಿದು ಬಂದ. ಟಂಕಸಾಲೆಯಲ್ಲೇ ತಪ್ಪಾಗಿ, ಸಿಂಹದ ಮುದ್ರೆ ಅಂಚಿಗೆ ಸರಿದುಬಿಟ್ಟಿತ್ತು. "ಕಾಕಾ, ಎರರ್ ಕಾಯಿನ್ ಅಂತ್ರಿ. ಎಷ್ಟ ಬರತೈತ್ರಿ?" ಅಂದ. ಫಳಫಳ ಹೊಳೆಯುವ ನಾಣ್ಯದ ಮೇಲೆ ಹುಣಸೆಹಣ್ಣಿನ ವಾಸನೆ! ತಲೆ ಚಚ್ಚಿಕೊಳ್ಳಬೇಕೆನಿಸಿತು. ಇಂಥ ತಪ್ಪು ನಾಣ್ಯಕ್ಕೆ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ, ಆದರೆ ಒರಿಜಿನಲ್ ಸರ್ಫೇಸೇ ಅದರ ಪ್ರಾಣ. ತಿಕ್ಕಿದರೆ ಫಿನಿಶ್.

ನಮ್ಮಪ್ಪನಿಗೂ ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಇಂಥದೇ ಒಂದು ಸಿಕ್ಕಿತ್ತು. ಅವ್ವ ದೀಪಾವಳಿಯ ಲಕ್ಷ್ಮಿ ಪೂಜೆಗೆ ಮನೆಯ ನಾಣ್ಯಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವವಳು. ಅದೊಂದನ್ನು ಬಿಡು ಎಂದು ಅಪ್ಪ ಎಷ್ಟು ಕೂಗಾಡಿದರೂ, "ಹೊಲಸ ರೊಕ್ಕ ಲಕ್ಷ್ಮಿ ಮುಂದ ಇಡಬೇಕೇನ್ರಿ?" ಎನ್ನುತ್ತಿದ್ದಳು.

ಒಮ್ಮೆ ಅಪ್ಪ ನನ್ನನ್ನೂ ಕರೆದುಕೊಂಡು ಸವದತ್ತಿಯ ನಾಣ್ಯದ ವ್ಯಾಪಾರಿಯ ಬಳಿ ಹೋದ. ಅವರು ಭೂತಗನ್ನಡಿ ಹಿಡಿದು ನೋಡಿ, "ತಪ್ಪು ಖರೇನ ಐತ್ರಿ ಸಾವಕಾರ್ರ. ಆದ್ರ ತಿಕ್ಕಿ ತಿಕ್ಕಿ ಕೆಡಿಸೀರಿ. ಯಾರೂ ತಗೊಳ್ಳಂಗಿಲ್ಲ" ಅಂದರು. ಬಸ್ಸಿನಲ್ಲಿ ಅಪ್ಪ ಹಲ್ಲು ಕಡಿಯುತ್ತಲೇ ಬಂದ. ಅವ್ವನ ಗ್ರಹಚಾರ ಕೆಟ್ಟಿತು ಅಂದುಕೊಂಡೆ.

ಅವ್ವ ಹೊಸ್ತಿಲಲ್ಲೇ ನಿಂತು, "ಏನಂದ್ರು?" ಎಂದು ಆಸೆಯಿಂದ ಕೇಳಿದಳು. ಅಪ್ಪ ಅವಳ ಮುಖ ನೋಡಿ, "ಖೋಟಾ ಅಂತ" ಅಂದುಬಿಟ್ಟ.

"ಖೋಟಾ ರೊಕ್ಕಕ್ಕ ಇಷ್ಟ ದಿನಾ ನನ್ನ ಕಡಿಂದ ಪೂಜಿ ಮಾಡಿಸಿದ್ರೇನು?" ಎಂದು ಅವ್ವ ಆಮೇಲೆ ವರ್ಷಗಟ್ಟಲೆ ಬೈದಳು. ಅಪ್ಪ ನಗುನಗುತ್ತಾ ಬೈಸಿಕೊಂಡ.

ಇವತ್ತು ಈರಣ್ಣನಿಗೆ ಚೆನ್ನಾಗಿ ಉಗಿಯಬೇಕೆಂದು ಬಾಯಿ ತೆರೆದೆ. ಕಾಂಪೌಂಡಿನಾಚೆ ಅವನ ಹೆಂಡತಿ ಹುಣಸೆಹಣ್ಣು ಮೆತ್ತಿದ ಒದ್ದೆ ಕೈಯಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಳು. ನನ್ನಾಕೆ ಬದುಕಿದ್ದರೆ ಕಣ್ಣಿನಲ್ಲೇ ನನ್ನನ್ನು ಗದರುತ್ತಿದ್ದಳು.

"ಖೋಟಾ ಐತಿ, ಒಯ್ಯೋ ಮಾರಾಯಾ" ಅಂದೆ.