ಗಂಡಸರಿಗೆ ಮಕ್ಕಳೇ ಇಲ್ಲದ ವಂಶವೃಕ್ಷ

ಮೊನ್ನೆ ಸಂಜೆ ಅಂಗಡಿಯ ಅಟ್ಟದಿಂದ ಬಂಗಾರದ ಅಂಚಿನ ಕಾರ್ಡುಗಳ ಕಟ್ಟು ಎಳೆಯಲು ಹೋದೆ. ಹಳೆಯ ಚಾರ್ಟಿನ ಸುರುಳಿಯೊಂದು ನೇರ ನನ್ನ ಬೋಳುತಲೆಯ ಮೇಲೆ ಬಿತ್ತು. ಬಿಚ್ಚಿದರೆ ಶಾಯಿಯ ವಾಸನೆ ಇನ್ನೂ ಹಾಗೇ ಇತ್ತು. ಒಬ್ಬನೇ ನಿಂತು ಹೋ ಎಂದು ನಕ್ಕೆ. ಎದುರಿನ ಜೆರಾಕ್ಸ್ ಅಂಗಡಿಯವನು ಇಣುಕಿ ನೋಡಿ ಹಿಂದೆ ಸರಿದ. ನೀವಾದರೂ ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಬ್ರಹ್ಮಾವರದಲ್ಲಿ ನನ್ನದು ಮದುವೆ ಕಾಗದ ಅಚ್ಚು ಹಾಕುವ ಅಂಗಡಿ. ಯಾರ ಮಗಳು ಯಾರ ಸೊಸೆ, ಯಾವ ಅಜ್ಜನ ಹೆಸರು ಬಿಟ್ಟರೆ ಯಾರು ಊಟಕ್ಕೆ ಬರುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಸಂಬಂಧಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಪೇಟೆಯಲ್ಲೇ ಇಲ್ಲ ಎಂದು ನಾನೇ ಹತ್ತಾರು ಜನರಿಗೆ ಹೇಳಿಕೊಂಡಿದ್ದೇನೆ. ಆ ಜಂಬ ಇಳಿಸಿದ್ದು ಈ ಚಾರ್ಟು.

ನಾಲ್ಕು ವರ್ಷದ ಹಿಂದಿನ ಮಾತು. ಉಪ್ಪುಂದದಲ್ಲಿರುವ ನನ್ನ ತಂಗಿ ರೇವತಿಯ ಮಗಳು ಸಾನ್ವಿಗೆ ಆಗ ಆರು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುವ ಹುಡುಗಿ, ಮಧ್ಯಾಹ್ನ ದಾಟಿತೆಂದರೆ ಪಾದ ಒಳಕ್ಕೆ ತಿರುಗಿಸಿ ತುದಿಗಾಲಲ್ಲಿ ತಡವರಿಸುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವಳನ್ನು ಎತ್ತಿಕೊಂಡೇ ತಿರುಗಬೇಕು. ಹೋಮ್‌ವರ್ಕ್ ತಪ್ಪಿಸಲು ನಾಟಕ ಎಂದರು ಕೆಲವರು. ಆ ಕೆಲವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ.

ಆದರೆ ತಿಂಗಳು ಕಳೆದಂತೆ ಕಾಲು ಇನ್ನಷ್ಟು ಬಿಗಿಯುತ್ತ ಬಂತು. ಹೀಗೇ ಆದರೆ ಮಗಳು ಒಂದು ದಿನ ನಡೆಯುವುದನ್ನೇ ನಿಲ್ಲಿಸುತ್ತಾಳೆ ಎಂಬ ಹೆದರಿಕೆ ರೇವತಿಗೆ ಹತ್ತಿಕೊಂಡಿತು. ದೊಡ್ಡಾಸ್ಪತ್ರೆಗೆಂದು ಮೊದಲ ಬಸ್ಸು ಹಿಡಿದು ಹೊರಡುವುದು, ಹತ್ತು ಗಂಟೆಗೆ ಡಾಕ್ಟರ ಎದುರು ನಿಲ್ಲುವುದು. ಆ ಹೊತ್ತಿಗೆ ನಮ್ಮ ಸಾನ್ವಿ ವರಾಂಡದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು! "ಇದನ್ನ ಸಂಜಿಗ್ ಕಾಣ್ಕ್ ನೀವ್" ಎಂದು ರೇವತಿ ಕಣ್ಣೀರು ಹಾಕಿದರೂ ಸಂಜೆಯವರೆಗೆ ಕಾಯುವವರು ಯಾರು? ಹುಟ್ಟುವಾಗ ಮಿದುಳಿಗೆ ಸ್ವಲ್ಪ ಪೆಟ್ಟಾಗಿರಬಹುದು, ವ್ಯಾಯಾಮ ಮಾಡಿಸಿ ಎಂದು ಒಬ್ಬರು ಕಳಿಸಿದರು. ಮಾಡಿಸಿದೆವು. ಮಗುವಿನ ಜೊತೆ ಮಾಡಿ ಮಾಡಿ ನನ್ನ ಸೊಂಟ ಹಿಡಿದುಕೊಂಡಿತೇ ಹೊರತು ಅವಳ ಕಾಲು ಸರಿಯಾಗಲಿಲ್ಲ.

ಆಮೇಲೆ ಸಿಕ್ಕಿದವರು ಒಬ್ಬ ಡಾಕ್ಟರಮ್ಮ, ವಂಶದಲ್ಲಿ ಬರುವ ಕಾಯಿಲೆಗಳನ್ನು ನೋಡುವವರು. "ಮುಂದಿನ ಸಲ ಬರುವಾಗ ನಿಮ್ಮ ಕುಟುಂಬದ ನಕ್ಷೆ ಬರೆದುಕೊಂಡು ಬನ್ನಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ" ಎಂದರು. ನನಗೆ ಎಲ್ಲಿಲ್ಲದ ಹುರುಪು. ಇದು ನನ್ನದೇ ಇಲಾಖೆ ತಾನೇ!

ಅಮ್ಮ ಬಂಗುಡೆ ಮೀನು ಕೊಯ್ಯುತ್ತ ಹೆಸರು ಹೇಳಿದಳು, ನಾನು ಬರೆದುಕೊಂಡೆ. ಐದು ತಲೆಮಾರು! ಅಂಗಡಿಯಲ್ಲಿ ಕೂತು ಅದನ್ನು ದೊಡ್ಡ ಚಾರ್ಟಿಗೆ ಇಳಿಸಿದೆ. ಮೇಲೆ ಗಣಪತಿ, ಸುತ್ತ ಗುಲಾಬಿ ಬಳ್ಳಿಯ ಅಂಚು. 'ತಮ್ಮ ಆಗಮನಾಭಿಲಾಷಿಗಳು' ಎಂದು ಕೆಳಗೆ ಹಾಕುವುದೊಂದು ಬಾಕಿ. ಹೆಂಡತಿಗೆ ತೋರಿಸಿದೆ. ಅವಳು ಮೂಗಿನ ಮೇಲೆ ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದಳು.

"ನಮ್ ಮಕ್ಕಳ್ ಎಲ್ಲಿತೊ? ನಿಮ್ಗ್ ಮಕ್ಕಳೇ ಇಲ್ಲ್ಯಾ?"

ನೋಡಿದರೆ ಹೌದು. ನನ್ನ ಚೌಕದ ಕೆಳಗೆ ಖಾಲಿ. ನಮ್ಮದು ಅಳಿಯಕಟ್ಟಿನ ಮನೆ ನೋಡಿ. ಬಳಿ ಎಂದರೆ ಗೋತ್ರವಿದ್ದ ಹಾಗೆ; ತಾಯಿಯ ಬಳಿಯೇ ಮಕ್ಕಳ ಬಳಿ. ಹೆಣ್ಣುಮಕ್ಕಳ ಮಕ್ಕಳು ಕುಟುಂಬದವರು, ಗಂಡುಮಕ್ಕಳ ಮಕ್ಕಳು ಅವರವರ ತಾಯಿಯ ಕಡೆಗೆ ಸೇರಿದವರು. ಅಮ್ಮನಿಗಂತೂ ಇದರಲ್ಲಿ ತಪ್ಪೇ ಕಾಣಲಿಲ್ಲ. "ಅವ್ರ್ ಬೇರೆ ಬಳಿ ಅಲ್ದಾ? ಅವ್ರನ್ನ ಎಂತಕ್ ಬರೆಯುದ್?" ಎಂದು ಮೀನಿನ ಕಡೆ ತಿರುಗಿದಳು. ನಾನೂ ಹಾಗೇ ಒಯ್ದೆ. ಆ ವಾರ ಮನೆಯಲ್ಲಿ ನನಗೆ ಬಡಿಸಿದವರು ಯಾರೂ ಇಲ್ಲ.

ಡಾಕ್ಟರಮ್ಮ ಚಾರ್ಟು ಬಿಡಿಸಿ ಗಣಪತಿಗೆ ಕೈಮುಗಿದರು. ಆಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಬಂದರು.

"ತುಂಬಾ ಚಂದ ಇದೆ. ಆದರೆ ನಿಮ್ಮ ಮನೆಯ ಗಂಡಸರು ಯಾರಿಗೂ ಮಕ್ಕಳೇ ಆಗಲಿಲ್ಲವಾ?"

ಬಳಿಯ ವಿಷಯವನ್ನು ನಾನು ಗಂಭೀರವಾಗಿ ವಿವರಿಸಿದೆ. ಅವರು ನಗು ತಡೆದುಕೊಂಡು, "ಕಾಯಿಲೆ ಬಳಿ ನೋಡುವುದಿಲ್ಲ. ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ಬಿಟ್ಟವರನ್ನೆಲ್ಲ ಹೇಳಿ" ಎಂದರು. ಜೊತೆಗೆ ಬಂದಿದ್ದ ಅಮ್ಮ ಒಲ್ಲದ ಮನಸ್ಸಿನಿಂದ ಶುರು ಮಾಡಿದಳು. ತನ್ನ ಅಣ್ಣ ನರಸಿಂಹನ ಹೆಸರು ಬಂದಾಗ ತಡೆದು ನಿಂತಳು.

"ಅಣ್ಣಂಗೆ ಒಂದ್ ಹೆಣ್ಣಿತ್ತ್, ಲಲಿತ ಅಂದ್ಹೇಳಿ. ಕೋಡಿಯಗೆ ಅದ್ರ ತಾಯಿ ಮನಿಯಗೆ ಇತ್ತ್. ಅದೂ ಹೀಂಗೇ. ಬೆಳಿಗ್ಗೆ ಕುಣಿತಿತ್ತ್, ಸಂಜಿ ಆಯ್ತಂದ್ರೆ ಅಣ್ಣ ಹೊತ್ಕಂಡೇ ತಿರ್ಗ್‌ಕಿತ್ತ್."

ಡಾಕ್ಟರಮ್ಮನ ಪೆನ್ನು ನಿಂತಿತು. "ಬೆಳಿಗ್ಗೆ ಸರಿ, ಸಂಜೆಗೆ ಇಲ್ಲ?" ಎಂದು ಎರಡು ಸಲ ಕೇಳಿದರು. "ಇವತ್ತು ಊರಿಗೆ ಹೋಗಬೇಡಿ, ಐದು ಗಂಟೆಗೆ ಮಗುವನ್ನು ಮತ್ತೆ ನೋಡುತ್ತೇನೆ."

ಐದು ಗಂಟೆಗೆ ಸಾನ್ವಿಗೆ ನಾಲ್ಕು ಹೆಜ್ಜೆ ಇಡಲೂ ಆಗಲಿಲ್ಲ. ಡಾಕ್ಟರಮ್ಮನ ಮುಖ ಮಾತ್ರ ಅರಳಿತು. ಮಿದುಳಿನಿಂದ ಕೈಕಾಲಿಗೆ ಸುದ್ದಿ ಮುಟ್ಟಿಸುವ ಒಂದು ದ್ರವ್ಯ ಇದೆಯಂತೆ. ಅದು ಈ ಮಗುವಿನ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ರಾತ್ರಿ ತುಂಬಿದ ನೀರಿನ ಟ್ಯಾಂಕು ಸಂಜೆಗೆ ಖಾಲಿಯಾಗುವ ಹಾಗೆ. ಅಮ್ಮನಿಂದ ರೇವತಿಗೆ, ರೇವತಿಯಿಂದ ಮಗುವಿಗೆ ಬಂದಿರಬಹುದು; ಕೆಲವರಲ್ಲಿ ಅದು ಏನೂ ತೊಂದರೆ ಕೊಡದೆ ಸುಮ್ಮನಿರುತ್ತದಂತೆ. ಕಾಯಿಲೆಯ ಹೆಸರಿನಲ್ಲಿ ಡೋಪಾ ಎಂದೇನೋ ಬರುತ್ತದೆ, ಪೂರ್ತಿ ಅಚ್ಚು ಹಾಕಲು ಎರಡು ಸಾಲು ಬೇಕು. ರಕ್ತಪರೀಕ್ಷೆಗೆ ಕಳಿಸಿ, ಅದರ ಜೊತೆಗೇ ಒಂದು ಚೂರು ಮಾತ್ರೆ ಬರೆದುಕೊಟ್ಟರು.

ಐದನೆಯ ದಿನ ಸಂಜೆ ರೇವತಿಯ ಫೋನು. "ಅಣ್ಣಾ, ಬಾ ಮಾರಾಯಾ! ಹೆಣ್ ಓಡ್ತಾ ಇತ್ತ್! ಹಿಡಿಯುಕ್ ಆತಿಲ್ಲೆ!" ಹಿಂದಿನಿಂದ ಕೋಳಿಗಳ ಕೂಗು, ಅಮ್ಮನ ಬೊಬ್ಬೆ, ಪಾತ್ರೆಯೊಂದು ಉರುಳಿದ ಸದ್ದು. ನಾನು ಅಂಗಡಿಯಲ್ಲಿ ಕುಣಿದೆ. ಮದುವೆ ಕಾಗದ ಅಚ್ಚಿಗೆ ಕೊಡಲು ಬಂದವರನ್ನೂ ಅಪ್ಪಿಕೊಂಡೆ, ವರನ ಅಪ್ಪನ ಹೆಸರು ವಧುವಿನ ಕಡೆಗೆ ಹಾಕಿ ಅಚ್ಚು ಮಾಡಿದೆ. ಅವರು ಇಂದಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ರಕ್ತಪರೀಕ್ಷೆಯ ಫಲಿತಾಂಶವೂ ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿತು.

ಫೋನು ಬಂದ ಮರುದಿನವೇ ಲಲಿತಳನ್ನು ಹುಡುಕಿಕೊಂಡು ಕಡಲ ಬದಿಯ ಕೋಡಿಗೆ ಹೋದೆ. ಸೋದರಮಾವನ ಮಗಳು, ನನಗಿಂತ ದೊಡ್ಡವಳು, ಹಾಗಾಗಿ ನನಗೆ ಅತ್ತಿಗೆ; ಆಗಲೇ ಐವತ್ತು ದಾಟಿತ್ತು. ಮನೆಗೆಲಸವೆಲ್ಲ ಮಧ್ಯಾಹ್ನದೊಳಗೆ ಮುಗಿಸಿ ಗೋಡೆಗೆ ಒರಗಿ ಕೂರುವುದು ಅವಳ ಬದುಕಾಗಿತ್ತು. ಕಡಲಿನ ಸದ್ದು ಒಳಕೋಣೆಗೂ ಕೇಳುತ್ತಿತ್ತು. ನಾನು ಚಾರ್ಟಿನ ಕಥೆಯನ್ನು ನಗೆಚಾಟಿಕೆಯ ಹಾಗೆ ಹೇಳಿದೆ. ಅವಳು ನಗಲಿಲ್ಲ.

"ಹಂಗಾರೆ ಅದ್ರಗೆ ನಾನ್ ಇಲ್ಲೆ" ಎಂದಳು. ಕಡಲಿನ ಕಡೆ ಮುಖ ತಿರುಗಿಸಿ ಕೇಳಿದಳು, "ಸಂಜಿಗ್ ಕಡ್ಲ್ ಬದಿಗ್ ಹೋಗದೆ ಎಷ್ಟ್ ವರ್ಷ ಆಯ್ತ್ ಗೊತ್ತಿತ್ತಾ? ಅಪ್ಪಯ್ಯ ತೀರ್ಕಂಡ್ ಮೇಲೆ ಹೊತ್ಕಂಡ್ ಹೋಪರ್ ಯಾರಿದ್ರ್?"

ನನಗೆ ತಲೆಯೆತ್ತಲಾಗಲಿಲ್ಲ. ಊರಿನ ಸಂಬಂಧವೆಲ್ಲ ಬಲ್ಲವನು, ಹತ್ತಿರದ ಇವಳನ್ನೇ ಬಿಟ್ಟಿದ್ದೆ. ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ, ಸಂಜೆಯ ಹೊತ್ತಿಗೆ. ಅದೇ ಕಾಯಿಲೆ, ಅದೇ ಮಾತ್ರೆ. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಆದರೆ ಮೊದಲ ಸಲ ಹೊತ್ತು ಮುಳುಗುವುದನ್ನು ಮರಳಿನಲ್ಲಿ ನಿಂತು ನೋಡಿದ ದಿನ ಅವಳು ಸಾನ್ವಿಯ ಕೈ ಹಿಡಿದು ಕೇಕೆ ಹಾಕಿದ್ದನ್ನು ನಾನು ಕೇಳಿದ್ದೇನೆ.

ಅಂದಿನಿಂದ ಅತ್ತಿಗೆಗೆ ಸಂಜೆಯ ಬಸ್ಸಿನ ಹುಚ್ಚು. ಮೊನ್ನೆಯೂ ನಾನು ಚಾರ್ಟು ಹಿಡಿದು ನಗುತ್ತಿರುವಾಗಲೇ ಇಬ್ಬರೂ ಬಂದಿಳಿದರು, ಅತ್ತಿಗೆ ಮತ್ತು ಹತ್ತು ವರ್ಷದ ಸಾನ್ವಿ. ಅಡಗಿಸುವಷ್ಟರಲ್ಲಿ ಅತ್ತಿಗೆ ಅದನ್ನು ಕಿತ್ತುಕೊಂಡಳು. ಪೆನ್ನು ತೆಗೆದು ನರಸಿಂಹ ಮಾವನ ಚೌಕದಿಂದ ಒಂದು ಗೆರೆ ಎಳೆದಳು. ಜಾಗ ಇರಲಿಲ್ಲ, ನನ್ನ ಗುಲಾಬಿ ಬಳ್ಳಿಯ ಮೇಲೆಯೇ ದೊಡ್ಡದೊಂದು ವೃತ್ತ ಬರೆದಳು. ನನ್ನ ಇಬ್ಬರು ಮಕ್ಕಳನ್ನು ಸಾನ್ವಿ ಗಣಪತಿಯ ಪಕ್ಕ ತುರುಕಿದಳು.

"ಬಸ್‌ಸ್ಟ್ಯಾಂಡಿಗೆ ಸ್ಕೂಟರಗೆ ಬಿಡ್ತೆ" ಎಂದೆ.

"ಎಂತಕ್? ನಡ್ಕಂಡ್ ಹೋಪ" ಎಂದು ಇಬ್ಬರೂ ಹೊರಟೇಬಿಟ್ಟರು. ಬಾಗಿಲು ಎಳೆದು ನಾನೂ ಹಿಂದೆ ಓಡಿದೆ. ಹೆದ್ದಾರಿ ಬದಿಯಲ್ಲಿ ಅರ್ಧ ದಾರಿಗೇ ನನಗೆ ಏದುಸಿರು. ಅತ್ತಿಗೆ ತಿರುಗಿ, ಸೊಂಟಕ್ಕೆ ಕೈಯಿಟ್ಟು ಕೂಗಿದಳು.

"ಹ್ವಾಯ್, ಆತಿಲ್ಯಾ? ನಾನೇ ಹೊತ್ಕಂಬ್ಕಾ?"