ಮರೆಪ್ಪ ಕೂಡಿಸಿದ ವಾಲ್

ಮರೆಪ್ಪನ ಮುಖಕ್ಕಿಂತ ಅವನ ಪಾದಗಳೇ ನನಗೆ ಹೆಚ್ಚು ನೆನಪಿವೆ. ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಎದೆಯ ತನಕ ಒಳಗೆ ಸೇರಿಬಿಟ್ಟರೆ ಹೊರಗೆ ಉಳಿಯುತ್ತಿದ್ದುದು ಬಿರುಕುಬಿಟ್ಟ ಆ ಎರಡು ಪಾದಗಳು ಮಾತ್ರ. ಮಾತು ಒಳಗಿನಿಂದ ಬರುತ್ತಿತ್ತು. ಕೆಲಸ ಕಠಿಣವಿದ್ದಾಗ ಬಲಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆಯುತ್ತಿತ್ತು. ಅದು ಸಡಿಲಾದರೆ ಕೆಲಸ ಮುಗಿಯಿತೆಂದೇ ಅರ್ಥ.

ಸುರಪುರಕ್ಕೆ ನಾನು ಶಿಕ್ಷಕಿಯಾಗಿ ಬಂದಾಗ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮಾಲಕರ ಮನೆ, ಪಕ್ಕದಲ್ಲೇ ಅವರ ಬಟ್ಟೆ ಅಂಗಡಿಯ ಗೋದಾಮು. ಬೋರಿನ ಉಪ್ಪುನೀರಿಗೆ ಯಾವ ನಳವೂ ವರ್ಷ ಬಾಳುತ್ತಿರಲಿಲ್ಲ. ಹಾಗಾಗಿ ರಂಗಂಪೇಟೆಯಿಂದ ಸೈಕಲ್ ಮೇಲೆ ಬರುವ ಮರೆಪ್ಪ ಓಣಿಗೆಲ್ಲ ಬೇಕಾದವನು. ರಿಪೇರಿ ಮುಗಿದ ಮೇಲೆ ಹೆಗಲ ಟವೆಲ್ಲಿನಿಂದ ಪೈಪು ಒರೆಸಿ, ಕೆಳಗೆ ಹಳೆಯ ಪೇಪರು ಹಾಸಿ, ಚಹಾ ಕುಡಿಯುತ್ತ ಕೂಡುತ್ತಿದ್ದ. ಪೇಪರಿನ ಮೇಲೆ ಹನಿ ಬೀಳದಿದ್ದರೆ ಮಾತ್ರ ಏಳುತ್ತಿದ್ದ.

"ಬಿಗಿ ಮಾಡೂದು ಯಾರಿಗಾದ್ರೂ ಬರ್ತದ್ರಿ ಅಕ್ಕೋರ. ಎಲ್ಲಿ ನಿಲ್ಲಸಬೇಕು ಅನ್ನೂದು ಕೈಗೆ ತಿಳೀಬೇಕು," ಎನ್ನುತ್ತಿದ್ದ.

ಒಂದು ದಿನ ಸಿಂಕಿನ ಕೆಳಗೆ ನೀರು ನಿಲ್ಲಿಸುವ ವಾಲ್ ಸೋರತೊಡಗಿತು. ಮರೆಪ್ಪ ಹೊಸದು ಕೂಡಿಸಿದ. "ಪೈಪು ಹಳೇದದ, ಒಂದೆರಡು ಹನಿ ಬಂದ್ರ ಬರಬಹುದು. ಕೈ ಹಚ್ಚಬ್ಯಾಡ್ರಿ, ನಾಳಿ ಸಂಜಿಕ ಬಂದು ನೋಡ್ತೀನಿ," ಎಂದು ಹೇಳಿ ಹೋದ.

ಮರುದಿನ ಮುಂಜಾನೆ ಅವನು ಹೇಳಿದಂತೆಯೇ ಒಂದೊಂದು ಹನಿ ಬೀಳುತ್ತಿತ್ತು. ಇಷ್ಟಕ್ಕೆ ಸಂಜೆಯವರೆಗೆ ಯಾಕೆ ಕಾಯಬೇಕು ಎಂದು ಇಕ್ಕಳದಂಥ ಪಕ್ಕಡ್ ತಂದು ನಟ್ಟು ತಿರುಗಿಸಿದೆ. ಹನಿ ನಿಲ್ಲಲಿಲ್ಲ. ಇನ್ನಷ್ಟು ಜೋರಾಗಿ ತಿರುಗಿಸಿದೆ. ಟಕ್ಕೆಂದು ಸದ್ದಾಗಿ ನೀರು ಮುಖಕ್ಕೇ ಚಿಮ್ಮಿತು. ಮೇಲಿನ ನೀರಿನ ಟಾಕಿ ಬಂದ್ ಮಾಡಲು ಓಡುವಷ್ಟರಲ್ಲಿ ನೀರು ಮೆಟ್ಟಿಲಿಳಿದು ಗೋದಾಮಿಗೆ ನುಗ್ಗಿ ಸೀರೆಯ ಗಂಟುಗಳನ್ನು ತೋಯಿಸಿತ್ತು.

"ಏನಾತ್ರಿ ಇದು?" ಎನ್ನುತ್ತ ಮಾಲಕರು ಮೇಲೆ ಬಂದರು.

"ಮರೆಪ್ಪ ನಿನ್ನೆ ಹಾಕಿದ ವಾಲ್ ಒಡೀತ್ರಿ," ಎಂದೆ.

ಆ ಮಾತಿನಲ್ಲಿ ಸುಳ್ಳು ಇರಲಿಲ್ಲ. ನಾನು ಮಾಡಿದ್ದು ಮಾತ್ರ ಇರಲಿಲ್ಲ.

ಕರೆ ಹೋದ ಕೂಡಲೇ ಮರೆಪ್ಪ ಬಂದ. ಸಿಂಕಿನ ಕೆಳಗೆ ಸೇರಿದ. ಒಡೆದ ವಾಲ್ ಹಿಡಿದು ಹೊರಗೆ ಬಂದು ಅದನ್ನು ನೋಡಿದ, ನನ್ನನ್ನು ನೋಡಿದ. ಬಾಗಿಲಲ್ಲಿ ನಿಂತ ಮಾಲಕರು, "ಇಂಥಾ ಕೆಲಸ ಮಾಡ್ತೀಯೇನು? ನಂಬಿ ನಾ ಕಟ್ಟಸೂ ಹೊಸ ಮನಿಗಳ ಪೈಪಿನ ಕೆಲಸ ನಿನಗ ಒಪ್ಪಸೀನಲ್ಲ," ಎಂದು ಬೈಯುತ್ತಿದ್ದರು. ನಾನು ನೆಲ ಒರೆಸುವ ನೆವದಲ್ಲಿ ತಲೆ ಎತ್ತಲಿಲ್ಲ.

"ತಪ್ಪಾಗ್ಯದ್ರಿ. ಬ್ಯಾರೆ ಹಾಕ್ತೀನಿ," ಎಂದ ಮರೆಪ್ಪ.

ಮಾಲಕರ ಹೊಸ ಮನೆಗಳ ಕೆಲಸಕ್ಕೆ ಶಹಾಪುರದಿಂದ ಬೇರೆಯವರು ಬಂದರು. ಓಣಿಯವರೂ ಮೆಲ್ಲಗೆ ಬೇರೆಯವರನ್ನು ಕರೆಯತೊಡಗಿದರು. ಮರೆಪ್ಪನ ಸೈಕಲ್ ನಮ್ಮ ಓಣಿಗೆ ಬರುವುದು ನಿಂತೇಹೋಯಿತು.

ಮರುವರ್ಷ ಅವನು ಸುರಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ. ಕೈಚೀಲದಲ್ಲಿ ನಟ್ಟು ಬಿಗಿಯುವ ಪಾನಾ, ಪೈಪಿನ ತುಂಡು. ಹುಣಸಗಿಯ ಕಡೆ ಕೆಲಸ ಹುಡುಕಿಕೊಂಡು ದಿನಾ ಹೋಗಿಬರುತ್ತಿದ್ದ.

"ಮರೆಪ್ಪಣ್ಣಾ, ಅವತ್ತ ವಾಲ್ ಒಡದಾಕಿ ನಾನೇ," ಎಂದೆ.

"ಗೊತ್ತದ್ರಿ. ನಟ್ಟಿನ ಮ್ಯಾಲ ಪಕ್ಕಡ್ ಹಲ್ಲು ಮೂಡಿದ್ವು. ನಾ ಹಚ್ಚೂದು ಪಾನಾ."

"ಮತ್ತ ಹೇಳಲಿಲ್ಲಲ್ಲ?"

"ನೀವು ಬಾಡಗಿ ಮನ್ಯಾಗ ಇರೋರು. ಪರ ಊರವರು. ಮಾಲಕರು ಏನಂತಿದ್ರೋ ಏನೋ."

"ನಾ ಅವರಿಗೆ ಹೇಳ್ತೀನಿ."

"ಹೇಳ್ರಿ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗ ಹೇಳಿದ್ರ ಏನಾಗ್ತದ್ರಿ, ನನಗ ಮೊದಲೇ ಗೊತ್ತಿತ್ತು."

ಹುಣಸಗಿ ಬಸ್ಸು ಬಂತು, ಹತ್ತಿ ಹೋದ. ನಾನು ಮಾಲಕರಿಗೆ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ದಿನ ದೂಡಿದೆ. ಮಳೆಗಾಲದಲ್ಲಿ ಮರೆಪ್ಪ ಕಾಮಾಲೆಯಿಂದ ತೀರಿಕೊಂಡ ಸುದ್ದಿ ಬಂತು.

ವಾರ ಕಳೆದು ರಂಗಂಪೇಟೆಯ ಅವನ ಮನೆಗೆ ಹೋದೆ. ಅವನ ಹೆಂಡತಿ ಸಾಬಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗುರುತು ಹೇಳಿಕೊಂಡ ಕೂಡಲೇ ಎದ್ದು ಕೈಮುಗಿದಳು.

"ನಮ್ಮವ್ರ ಕೈಯಿಂದ ನಿಮ್ಮ ಮನ್ಯಾಗ ಭಾಳ ಲುಕ್ಸಾನ ಆತಂತ್ರಿ ಅಕ್ಕೋರ. ಮನಸಿನ್ಯಾಗ ಇಟ್ಟಕೋಬ್ಯಾಡ್ರಿ."

ಅಲ್ಲೇ ಕಟ್ಟೆಯ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಸಾಬಮ್ಮ ಮೊರವನ್ನು ಕೆಳಗಿಟ್ಟಳು.

"ಅವ್ರಿಗೆ ಇದು ಗೊತ್ತಿತ್ತೇನ್ರಿ?"

"ಅವತ್ತೇ ಗೊತ್ತಾಗಿತ್ತು."

ಸಾಬಮ್ಮ ಸೆರಗಿಗೆ ಅಂಟಿದ ಹೊಟ್ಟನ್ನು ಸುಮ್ಮನೆ ಕೊಡವುತ್ತಿದ್ದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "'ನಿಮಗ ಕೆಲಸದ ಮ್ಯಾಲ ಲಕ್ಷ್ಯ ಇಲ್ಲ, ಅದಕ್ಕ ವಾಲ್ ಒಡೀತು' ಅಂತ ನಾ ಅವ್ರಿಗೆ ದಿನಾ ಅಂದೀನ್ರಿ. ಒಂದಿನಾನೂ ಅವ್ರು ತಿರುಗಿ ಮಾತಾಡಲಿಲ್ಲ."