ಪಟ್ಟಿಯಲ್ಲಿಲ್ಲದ ಬಣ್ಣ

ಪೈಪಣ್ಣನ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಬಗೆಯ ಜನ: ನಲ್ಲಿ ಕೆಡಿಸುವವರು ಮತ್ತು ಪೈಪಣ್ಣ. ನಲವತ್ತು ವರ್ಷ ಕೊಳಾಯಿ ಕೆಲಸ ಮಾಡಿದವನಿಗೆ ಅಷ್ಟು ಜಂಬ ಬರುವುದು ಸಹಜವೇ. ಆ ಬಡಾವಣೆಯ ಅರ್ಧಕ್ಕರ್ಧ ಬಚ್ಚಲುಗಳ ಗುಟ್ಟು ಅವನ ಹೊಟ್ಟೆಯಲ್ಲಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಸಿಂಕಿನ ಕೆಳಗೆ ಬಗ್ಗಿ, ಇದನ್ನು ಕೂರಿಸಿದ ಪುಣ್ಯಾತ್ಮ ಯಾರೆಂದು ವಿಚಾರಿಸಿ, ಆಮೇಲೆ ಕೈ ತೊಳೆಯುತ್ತಿದ್ದ. ಅವನ ಸ್ವಂತ ಮನೆಯ ಬಚ್ಚಲಿನ ನಲ್ಲಿ ಮಾತ್ರ ಹನ್ನೊಂದು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಹೇಳಿ ಹೇಳಿ ಸಾಕಾದ ಹೆಂಡತಿ ಅದರ ಕೆಳಗೊಂದು ಬಕೆಟ್ ಇಟ್ಟು, ಆ ನೀರನ್ನು ಗಿಡಗಳಿಗೆ ಹಾಕುತ್ತಿದ್ದಳು.

ಹೆಂಡತಿ ಬಟ್ಟೆ ಹೊಲಿಯುವವಳು. ಹುಡುಗಿಯಾಗಿದ್ದಾಗ ಬಡಾವಣೆಯ ಹಿಂದಿನ ನದಿಯಲ್ಲಿ ಆ ದಡದಿಂದ ಈ ದಡಕ್ಕೆ ಈಜಿದವಳು. ಆಮೇಲೆ ನದಿ ಕಪ್ಪಾಯಿತು, ನಾರಿತು, ಜನ ಅದಕ್ಕೆ ಬೆನ್ನು ಹಾಕಿ ಮನೆ ಕಟ್ಟಿಕೊಂಡರು. ಸಾಯುವುದರೊಳಗೆ ಇನ್ನೊಂದು ಸಲ ಈಜಬೇಕು ಎಂದು ಅವಳು ಆಗಾಗ ಹೇಳುತ್ತಿದ್ದಳು. ಬೇರೇನನ್ನೂ ಅವಳು ಗಂಡನ ಹತ್ತಿರ ಕೇಳಿದ್ದಿಲ್ಲ, ನಲ್ಲಿಯೊಂದನ್ನು ಬಿಟ್ಟು.

ಹಾಗಾಗಿ ಪೈಪಣ್ಣ ಕೆಲಸ ಬಿಟ್ಟ ಮಾರನೆಯ ವಾರವೇ ನದಿ ಶುಚಿ ಮಾಡುವ ಗುಂಪಿಗೆ ಸೇರಿ, ತಿಂಗಳೊಳಗೆ ಅದರ ಯಜಮಾನನೂ ಆಗಿಬಿಟ್ಟ. ನಾಲ್ಕು ವರ್ಷ, ಭಾನುವಾರ ತಪ್ಪದಂತೆ, ಅವರು ನದಿಯಿಂದ ಟೈರು, ಹಾಸಿಗೆ, ಸೈಕಲ್ಲು, ಕೊನೆಗೆ ಒಂದು ಕಮೋಡನ್ನೂ ಎತ್ತಿದರು. ಅದು ತಾನು ಕೂರಿಸಿದ್ದೇ ಎಂದು ಪೈಪಣ್ಣ ಗುರುತು ಹಿಡಿದು, ಕಿತ್ತವರನ್ನು ಬಾಯಿಗೆ ಬಂದಂತೆ ಬೈದ. ದಡಕ್ಕೆ ಮೆಟ್ಟಿಲು ಬಂತು, ಬೆಂಚು ಬಂತು. ಮೀನು ಬಂದವು, ಅವುಗಳ ಹಿಂದೆಯೇ ಗಾಳ ಹಿಡಿದ ಮುದುಕರೂ ಬಂದರು. ಈಜುವುದೊಂದು ಬಾಕಿ.

ಅದಕ್ಕೆ ಅಡ್ಡವಾಗಿದ್ದದ್ದು ಸೀಸೆ ಮೇಷ್ಟ್ರು. ನಿವೃತ್ತ ವಿಜ್ಞಾನದ ಮೇಷ್ಟ್ರಾದ ಅವರು ವಾರಕ್ಕೊಮ್ಮೆ ಸೀಸೆಯಲ್ಲಿ ನದಿ ನೀರು ತುಂಬಿಕೊಂಡು ಹೋಗಿ, ಎರಡು ದಿನ ಬೆಚ್ಚಗಿಟ್ಟು, ಹೊಲಸಿನ ಕ್ರಿಮಿ ಬೆಳೆದಿದೆಯೇ ಎಂದು ನೋಡಿ, ಅಡ್ಡಡ್ಡ ತಲೆಯಾಡಿಸುತ್ತಿದ್ದರು. ಮಳೆ ನೀರು ಹೋಗಲು ಬೀದಿಯ ಕೆಳಗಿದ್ದ ಮೋರಿಯಲ್ಲಿ, ಮಳೆ ಇಲ್ಲದ ದಿನವೂ ಹೊಲಸು ನೀರು ಬಂದು ನದಿಗೆ ಬೀಳುತ್ತಿತ್ತು. ಯಾವನೋ ತನ್ನ ಮನೆಯ ಕಕ್ಕಸಿನ ಪೈಪನ್ನು ಅದಕ್ಕೆ ಸೇರಿಸಿದ್ದಾನೆ, ಅದು ನಿಲ್ಲುವವರೆಗೆ ಯಾರೂ ನೀರಿಗಿಳಿಯಬಾರದು ಎಂದರು ಮೇಷ್ಟ್ರು.

ಆ ಯಾವನೋ ಲಾಂಡ್ರಿಯವನೇ ಎಂದು ಪೈಪಣ್ಣ ಆಗಲೇ ತೀರ್ಮಾನಿಸಿದ್ದ. ಲಾಂಡ್ರಿಯವನು ಕಡಿಮೆ ಮಾತಿನವನು, ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಕೆಸರಿಗೆ ಇಳಿಯುವವನು. ಅವನ ಅಂಗಡಿಯ ಪೈಪನ್ನು ಕೂರಿಸಿದವನು ಪೈಪಣ್ಣನಲ್ಲ, ಬೇರೆ ಯಾರೋ. ತಪ್ಪು ಹೊರಿಸಲು ಅಷ್ಟೇ ಸಾಕಾಗಿತ್ತು.

ಕಂಡುಹಿಡಿಯುವ ದಾರಿಯನ್ನೂ ಪೈಪಣ್ಣನೇ ಹೇಳಿದ. ಬೇಕರಿಯವರು ಕೇಕಿಗೆ ಹಾಕುವ ಕೆಂಪು, ಹಸಿರು, ಹಳದಿ, ನೀಲಿ ಬಣ್ಣ ಕೊಟ್ಟರು. ಬೀದಿಯ ಪ್ರತಿ ಮನೆಗೂ ಒಂದು ಬಣ್ಣ, ಒಂದು ಹೊತ್ತು. ಆ ಹೊತ್ತಿಗೆ ಬಣ್ಣವನ್ನು ಕಕ್ಕಸಿಗೆ ಸುರಿದು ನೀರು ಬಿಡಬೇಕು. ಮೋರಿಯ ಬಾಯಲ್ಲಿ ಬಣ್ಣ ಬಂತೋ, ಕಳ್ಳ ಸಿಕ್ಕ. ಪೈಪಣ್ಣ ಪಟ್ಟಿ ಬರೆಯುತ್ತಿದ್ದಾಗ ಹೆಂಡತಿ ಕೇಳಿದಳು.

"ನಮ್ಮನೆಗೆ ಯಾವ ಬಣ್ಣ?"

"ನಮ್ಮನೆಗ್ಯಾಕೆ? ನಮ್ಮನೆ ಪೈಪೆಲ್ಲಾ ನಾನೇ ಹಾಕಿದ್ದು."

"ಅದಕ್ಕೇ ಕೇಳಿದ್ದು," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ.

ಭಾನುವಾರ ಪೈಪಣ್ಣ ಮಂಡಿಯುದ್ದದ ಬೂಟು ತೊಟ್ಟು, ಪಟ್ಟಿ ಹಿಡಿದು ಮೋರಿಯ ಬಾಯಲ್ಲಿ ನಿಂತ. ಬೀದಿಯ ಮನೆಗಳು ಒಂದೊಂದಾಗಿ ಮುಗಿದವು, ಮೋರಿ ಬಣ್ಣ ಬದಲಿಸಲಿಲ್ಲ. ಕಟ್ಟಕಡೆಗೆ ಹನ್ನೊಂದು ಗಂಟೆಗೆ ಲಾಂಡ್ರಿ, ಕೆಂಪು ಬಣ್ಣ. ಕಾಲು ಗಂಟೆ ಏನೂ ಬರಲಿಲ್ಲ. ಆಮೇಲೆ ಬಂತು ನೋಡಿ, ಗಾಢವಾದ ನೇರಳೆ.

ನೇರಳೆ ಪಟ್ಟಿಯಲ್ಲೇ ಇಲ್ಲವಲ್ಲ ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪೈಪಣ್ಣನಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಲಾಂಡ್ರಿಯಲ್ಲಿ ಬಟ್ಟೆಗೆ ನೀಲಿ ಹಾಕುತ್ತಾರೆ, ಕೆಂಪಿಗೆ ನೀಲಿ ಸೇರಿದರೆ ನೇರಳೆಯಲ್ಲದೆ ಇನ್ನೇನು ಎಂದು ಎಲ್ಲರ ಮುಂದೆ ವಿಜ್ಞಾನದ ಮೇಷ್ಟ್ರಿಗೇ ಪಾಠ ಹೇಳಿದ. ಲಾಂಡ್ರಿಯವನು ಜಗಳವಾಡಲಿಲ್ಲ. ಪೈಪಣ್ಣ ಹೇಳಿದ ಮೇಲೆ ಇದ್ದರೂ ಇರಬಹುದು ಎಂದು ತಲೆ ತಗ್ಗಿಸಿ ಹೊರಟುಹೋದ.

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದ ಪೈಪಣ್ಣ ಕೈ ತೊಳೆಯಲು ಬಚ್ಚಲಿಗೆ ಹೋದ. ನಲ್ಲಿಯ ಕೆಳಗಿನ ಬಕೆಟ್ಟಿನ ಒಳಮೈಯೆಲ್ಲ ನೇರಳೆಯಾಗಿತ್ತು. ಹಂಚಿದ ಮೇಲೆ ಬಾಟಲಿಗಳ ತಳದಲ್ಲಿ ಉಳಿದ ಕೆಂಪನ್ನೂ ನೀಲಿಯನ್ನೂ ಇದರಲ್ಲಿ ಕಲಸಿ, ಹನ್ನೊಂದರ ಹೊತ್ತಿಗೆ ತಾನೂ ಕಕ್ಕಸಿಗೆ ಸುರಿದೆ ಎಂದಳು ಹೆಂಡತಿ.

ಪೈಪಣ್ಣ ಅಲ್ಲೇ ಕುಕ್ಕರಿಸಿದ. ಇಪ್ಪತ್ತಾರು ವರ್ಷದ ಹಿಂದಿನದು ಈಗ ತಾನೇ ನಡೆದಂತೆ ಕಣ್ಣೆದುರು ಬಂತು. ಒಳಚರಂಡಿ ಕಟ್ಟಿಕೊಂಡು ಬೀದಿ ಅಗೆದಿದ್ದರು. ಎರಡು ದಿನದ ಮಟ್ಟಿಗೆ ಎಂದು ಮನೆಯ ಪೈಪನ್ನು ಅವನೇ ಮಳೆ ಮೋರಿಗೆ ತಿರುಗಿಸಿದ್ದ. ಅಷ್ಟರಲ್ಲಿ ಯಾರದೋ ಮನೆಯ ತುರ್ತು ಕೆಲಸ ಬಂತು, ಅಂಗಳಕ್ಕೆ ಸಿಮೆಂಟು ಬಿತ್ತು, ಎರಡು ದಿನ ಮುಗಿಯಲೇ ಇಲ್ಲ. ಹೆಂಡತಿಯ ನದಿಗೆ ಇಷ್ಟು ವರ್ಷ ಹೊಲಸು ಸುರಿದವನು ಅವನೇ.

ಆದರೂ ಜಂಬ ಸುಲಭಕ್ಕೆ ಸಾಯುವಂಥದ್ದಲ್ಲ. ಸದ್ದಿಲ್ಲದೆ ಸರಿ ಮಾಡಿಬಿಡ್ತೀನಿ, ನೀರು ತಿಳಿಯಾದರೆ ಲಾಂಡ್ರಿಯವನೇ ಸರಿ ಮಾಡಿಸಿದ ಅಂದುಕೊಳ್ತಾರೆ, ಅವನಿಗೂ ಒಳ್ಳೆ ಹೆಸರು ಎಂದ.

"ಹಾಗಾದ್ರೆ ನಾನು ಈಜಲ್ಲ," ಎಂದಳು ಹೆಂಡತಿ. ಅಷ್ಟು ಹೇಳಿ ಊಟಕ್ಕೆ ಬಡಿಸಿದಳು.

ಮೂರು ದಿನ ಅವನು ಅಂಗಳ ಒಡೆದ. ಕೇಳಿದವರಿಗೆಲ್ಲ ಗಿಡ ನೆಡಲು ಗುಂಡಿ ಎಂದ. ಬುಧವಾರ ಸಿಮೆಂಟಿನ ಚೀಲ ಹೊತ್ತು ಬರುವಾಗ ಲಾಂಡ್ರಿಯ ಬಾಗಿಲು ತೆರೆದಿತ್ತು. ಒಳಗೆ ಲಾಂಡ್ರಿಯವನು ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ, ತನ್ನ ಅಂಗಡಿಯ ನೆಲವನ್ನೇ ಒಡೆಯುತ್ತಿದ್ದ. ಇಲ್ಲದ ತಪ್ಪನ್ನು ಹುಡುಕುತ್ತಿದ್ದ. ಪೈಪಣ್ಣನನ್ನು ಕಂಡು, ಇನ್ನೂ ಸಿಕ್ಕಿಲ್ಲ, ಎಲ್ಲಿ ಅಗೆಯಬೇಕು ಸ್ವಲ್ಪ ತೋರಿಸ್ತೀರಾ ಎಂದು ಕೇಳಿದ. ಸಿಮೆಂಟು ಗಟ್ಟಿಯಾಗಿಬಿಡುತ್ತೆ ಎಂದು ಏನೋ ಒದರಿ ಪೈಪಣ್ಣ ಅಲ್ಲಿಂದ ಕಾಲು ಕಿತ್ತ.

ಭಾನುವಾರ ಮೇಷ್ಟ್ರು ಸೀಸೆ ಎತ್ತಿ ಹಿಡಿದು, ಮೊದಲ ಸಲ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ದಡದ ತುಂಬ ಜನ. ಹೆಂಡತಿ ತಾನೇ ಹೊಲಿದುಕೊಂಡ ಈಜುಡುಗೆ ತೊಟ್ಟು, ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಕೊನೆಯ ಮೆಟ್ಟಿಲಲ್ಲಿ ಕೂತಿದ್ದಳು. ಕಾಲಿನ ಹೆಬ್ಬೆರಳನ್ನೂ ನೀರಿಗೆ ತಾಗಿಸಿರಲಿಲ್ಲ. ಲಾಂಡ್ರಿಯವನು ಎಲ್ಲರಿಂದ ದೂರ, ಬೆಂಚಿನ ಹಿಂದೆ ನಿಂತಿದ್ದ.

ಪೈಪಣ್ಣ ಅವನ ಹತ್ತಿರ ಹೋಗಿ ಪೇಪರಿನಲ್ಲಿ ಸುತ್ತಿದ ಒಂದು ಪೈಪಿನ ತುಂಡನ್ನು ಕೈಗಿಟ್ಟ. ಲಾಂಡ್ರಿಯವನು ಬಿಚ್ಚಿ ನೋಡಿದ. ಒಳಗೆಲ್ಲ ನೇರಳೆ. ಅದನ್ನೊಮ್ಮೆ, ಪೈಪಣ್ಣನ ಮುಖವನ್ನೊಮ್ಮೆ ನೋಡಿದ. ಆಮೇಲೆ ಜಾಯಿಂಟಿನ ಮೇಲೆ ಬೆರಳಾಡಿಸಿ, ಇಷ್ಟು ಗಟ್ಟಿಯಾಗಿ ಕೂರಿಸಿದ್ದು ಯಾರು ಎಂದು ಕೇಳಿದ.

ಪೈಪಣ್ಣ ಬುಧವಾರದಿಂದ ಕಟ್ಟಿಕೊಂಡಿದ್ದ ಕ್ಷಮೆಯ ಮಾತೆಲ್ಲ ಆ ಪ್ರಶ್ನೆಗೆ ಮರೆತೇಹೋಯಿತು.

"ನಾನೇ. ನಮ್ಮನೇದು," ಎಂದ, ಎದೆ ತಾನಾಗಿ ಉಬ್ಬಿತು. "ಇಪ್ಪತ್ತಾರು ವರ್ಷ ಒಂದು ಹನಿ ಸೋರಿಲ್ಲ."

"ಸೋರಿದ್ರೆ ಚೆನ್ನಾಗಿತ್ತು," ಎಂದ ಲಾಂಡ್ರಿಯವನು.

ದಡದಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು. ಪೈಪಣ್ಣನ ಎದೆ ಇಳಿಯಿತು. ತಪ್ಪು ನಂದು, ಬಣ್ಣ ನಮ್ಮನೆಯದು, ನಾಳೆ ಬೆಳಿಗ್ಗೆ ಬಂದು ನಿಮ್ಮ ನೆಲ ಹಾಕಿಕೊಡ್ತೀನಿ ಎಂದ. ನಾಳೆ ಎಂಬ ಮಾತಿಗೆ ಹೆಂಡತಿ ಮೆಟ್ಟಿಲಿಂದಲೇ ತಿರುಗಿ ನೋಡಿದಳು.

"ಇವತ್ತೇ," ಎಂದು ತಿದ್ದಿಕೊಂಡ ಪೈಪಣ್ಣ.

ಅವಳು ಲಾಂಡ್ರಿಯವನನ್ನು ಮೆಟ್ಟಿಲಿಗೆ ಕರೆದು, ಟವೆಲ್ಲನ್ನು ಅವನ ಕೈಗೆ ಕೊಟ್ಟು ನೀರಿಗಿಳಿದಳು. ಮೊದಲು ಸೊಂಟದವರೆಗೆ, ಆಮೇಲೆ ಕುತ್ತಿಗೆಯವರೆಗೆ. ಒಮ್ಮೆ ಮುಳುಗಿದಳು. ಎದ್ದಾಗ ಅವಳ ಮುಖದಲ್ಲಿ ಹುಡುಗಿಯ ನಗುವಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮುಖವನ್ನು ಪೈಪಣ್ಣ ನೋಡಿರಲಿಲ್ಲ. ನಲವತ್ತು ವರ್ಷ ನೀರಿನಲ್ಲೇ ಅನ್ನ ಕಂಡವನಿಗೆ ಈಜಲು ಬರುತ್ತಿರಲಿಲ್ಲ. ಬೂಟಿನಲ್ಲೇ ಮಂಡಿಯವರೆಗೆ ಇಳಿದು ನೋಡುತ್ತಾ ನಿಂತ. ಅವಳು ಆ ದಡ ಮುಟ್ಟಿ ತಿರುಗಿ ಬರುವವರೆಗೂ ಲಾಂಡ್ರಿಯವನು ಅವನ ತೋಳು ಹಿಡಿದುಕೊಂಡೇ ಇದ್ದ.